ಕರಿದ ಎಣ್ಣೆಯ ಕ್ಯಾನು

ಎಣ್ಣೆಯ ವಿಷಯದಲ್ಲಿ ನಾನು ಜುಗ್ಗಿ. ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ಹಪ್ಪಳ ಕರಿದು ಉಳಿದ ಎಣ್ಣೆ ಮಾರನೇ ದಿನ ಒಗ್ಗರಣೆಗೆ, ಆಮೇಲೆ ಚಪಾತಿ ಹಿಟ್ಟಿಗೆ, ತಳದ ಗಷ್ಟು ಕಿರುಗುಟ್ಟುವ ಬಾಗಿಲಿಗೆ. ವಿಜಯವಾಡದಲ್ಲಿದ್ದಾಗ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಗುಡಿಯ ಅಮ್ಮನವರ ದೀಪಕ್ಕೆ ಮಾತ್ರ ಹೊಸ ಎಣ್ಣೆ ಒಯ್ದಿದ್ದೆ. ಆಕೆಯ ಹತ್ತಿರ ಜುಗ್ಗತನ ನಡೆಯುವುದಿಲ್ಲ.

ಈಗ ಮಗನಿಗೆ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ, ದುವ್ವಾಡದ ಹತ್ತಿರ ಕ್ವಾರ್ಟರ್ಸು. ಒಂದು ದಿನ ಊಟಕ್ಕೆ ಕೂತು, "ಅಮ್ಮಾ, ನಮ್ಮ ದೇಶದ ಎಣ್ಣೆ ಬಾವಿಗಳು ಬತ್ತುತ್ತಾ ಇವೆ. ಕರಿದು ಉಳಿದ ಎಣ್ಣೆಯಿಂದಾನೂ ಡೀಸೆಲ್ ಮಾಡ್ತಾರೆ. ಭಾನುವಾರ ಮನೆಮನೆಯಿಂದ ಕೂಡಿಸ್ತೀವಿ, ನಾನೇ ಮುಂದಾಳು" ಅಂದ. ಬಾವಿ ಬತ್ತಿದರೆ ನನ್ನ ಬಾಣಲೆ ಮೇಲೆ ಕಣ್ಣೇ? ಸೊಸೆ ಮಾತ್ರ ಅಡಿಗೆಮನೆಯಲ್ಲಿ ಒಂದು ಕ್ಯಾನು ತಂದಿಟ್ಟಳು.

ಶನಿವಾರ ನೋಡಿದರೆ ಕ್ಯಾನು ಖಾಲಿ. ನಾನು ಉಳಿಸಿದರೆ ತಾನೆ! "ಊರಿಗೆಲ್ಲ ಬುದ್ಧಿ ಹೇಳಿ ನಮ್ಮ ಮನೆಯದೇ ಖಾಲಿ ಅಂದ್ರೆ ಮುಖ ಎಲ್ಲಿಡಲಿ?" ಅಂತ ಮಗ ಗೊಣಗಿಕೊಂಡು ರಾತ್ರಿ ಡ್ಯೂಟಿಗೆ ಹೋದ. ಮಗನ ಮರ್ಯಾದೆ ಅಂದಮೇಲೆ ಬಿಡುವುದುಂಟೆ? ಎರಡು ಪ್ಯಾಕೆಟ್ ಹೊಸ ಎಣ್ಣೆ ಬಾಣಲೆಗೆ ಸುರಿದೆ. ಸಂಡಿಗೆ, ಚಕ್ಕುಲಿ, ಕೋಡುಬಳೆ. ಪಕ್ಕದ ಮನೆಯ ಲಕ್ಷ್ಮಿ ವಾಸನೆ ಹಿಡಿದು ಬಂದು, "ಏಂಟಿ ಮಾಮ್ಮಗಾರೂ, ಇಂಟ್ಲೋ ಪೆಳ್ಳಾ?" ಅಂದಳು. "ಮದುವೆಯಲ್ಲಮ್ಮ, ಡೀಸೆಲ್ ಮಾಡ್ತಿದೀನಿ" ಅಂದೆ.

"ಹೊಸ ಎಣ್ಣೆ ಕಾಯಿಸಿ ಹಳೇ ಎಣ್ಣೆ ಮಾಡೋದಾ ಅತ್ತೆ?" ಅಂತ ಸೊಸೆ ಬಾಯಿ ಬಿಟ್ಟಳು.

"ನಿನ್ನ ಗಂಡನ ಮರ್ಯಾದೆ ಕಣೆ. ಹಿಟ್ಟು ಕಲಸು."

ಕೊನೆಯ ಒಬ್ಬೆ ಕೋಡುಬಳೆ ಇನ್ನೂ ಬಾಣಲೆಯಲ್ಲಿರುವಾಗಲೇ ಗ್ಯಾಸು ಮುಗಿಯಿತು. ಇನ್ನೊಂದು ಸಿಲಿಂಡರ್ ಬರುವುದು ಸೋಮವಾರವೇ. ಆ ರಾತ್ರಿ ನಮ್ಮಿಬ್ಬರ ಹೊಟ್ಟೆಗೆ ಚಕ್ಕುಲಿ, ಮೊಸರು.

ಭಾನುವಾರ ಎಲ್ಲರಿಗಿಂತ ನಮ್ಮ ಕ್ಯಾನೇ ಭಾರ. ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದ ಮಗ ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ಇದು ನಮ್ಮಮ್ಮ ಉಳಿಸಿದ್ದು!" ಅಂದ. ಜನ ಚಪ್ಪಾಳೆ ತಟ್ಟಿದರು. ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮನೆಗೆ ಬಂದವನೇ ಕಾಫಿ ಕೇಳಿದ. ಒಲೆ ಹತ್ತಬೇಕಲ್ಲ! "ಬೆಂಕಿಯಿಲ್ಲದ್ದೂ ಒಂದು ಒಲೆಯೇ?" ಅಂತ ವರ್ಷದ ಹಿಂದೆ ನಾನೇ ಅಟ್ಟಕ್ಕೆ ಹಾಕಿಸಿದ್ದ ಕರೆಂಟ್ ಒಲೆಯನ್ನು ಸೊಸೆ ಇಳಿಸಿದಳು. ಕಾಫಿ ಚೆನ್ನಾಗಿಯೇ ಇತ್ತು. ಹಾಗಂತ ನಾನು ಹೇಳಲಿಲ್ಲ; ಇನ್ನೊಂದು ಲೋಟ ಕೇಳಿದೆ, ಅಷ್ಟೆ.