ಫೋಲ್ಕೆಯ ದೋಣಿ: ತಳ ಥಳಥಳ!

"ಈ ವರ್ಷ ದೋಣಿಗಳನ್ನ ಎತ್ತಿ ನೀರಿಗೆ ಬಿಡೋ ಕ್ರೇನ್ ಬರೋ ದಿನವೇ ನಮ್ಮ ದೋಣಿಯೂ ನೀರಿಗಿಳಿಯತ್ತೆ. ಇಳಿಯದಿದ್ರೆ ನನ್ನ ಹೆಸರು ಫೋಲ್ಕೆ ಅಲ್ಲ!"

ಅಡುಗೆಮನೆಯಲ್ಲಿ ಎದ್ದು ನಿಂತು, ಬೆಣ್ಣೆ ಸವರುವ ಚಾಕುವನ್ನೇ ಖಡ್ಗದ ಹಾಗೆ ಎತ್ತಿ ಹಿಡಿದು ಫೋಲ್ಕೆ ಈ ಭೀಷ್ಮಪ್ರತಿಜ್ಞೆ ಮಾಡಿದ. ಹೊರಗೆ ಕೊಲ್ಲಿಯ ಮೇಲಿನ ಮಂಜುಗಡ್ಡೆ ಇನ್ನೂ ಪೂರ್ತಿ ಕರಗಿರಲಿಲ್ಲ.

ಹೆಂಡತಿ ಗುನ್ವರ್ ಕಾಫಿ ಬಗ್ಗಿಸುತ್ತಾ ತಲೆಯೆತ್ತದೆ ಹೇಳಿದಳು: "ಹೋದ ವರ್ಷವೂ ಇದನ್ನೇ ಹೇಳಿದ್ದೆ. ಆಗಸ್ಟ್ ಬಂದ್ರೂ ನಾನು ಬುಟ್ಟಿ ಹಿಡ್ಕೊಂಡು ದಡದಲ್ಲೇ ಕೂತಿದ್ದೆ. ನಮ್ಮ ಬೇಸಿಗೆ ಏನು ನಿನಗೋಸ್ಕರ ಕಾಯತ್ತಾ? ಈ ಸಲ ಆ ದಿನ ಇಳೀಲಿಲ್ಲ ಅಂದ್ರೆ ಮಾರಿಬಿಡೋಣ ಕಣೋ."

ಮಾರೋದಾ! ಫೋಲ್ಕೆಯ ಖಡ್ಗ ಕೆಳಗಿಳಿಯಿತು. ಮದುವೆಯಾದ ಬೇಸಿಗೆಯಿಂದಲೂ ಇಬ್ಬರೂ ಅದೇ ದೋಣಿಯಲ್ಲಿ ಆಚೆಯ ನಡುಗಡ್ಡೆಗೆ ಹೋಗಿ, ಬಂಡೆಯ ಮೇಲೆ ಕೂತು, ಹೊಗೆಯಲ್ಲಿ ಬೇಯಿಸಿದ ಮೀನು ತಿಂದು ಬರುತ್ತಿದ್ದರು. ಮನೆಯಲ್ಲಿ ಮಾತುಮಾತಿಗೂ ಕೊಕ್ಕೆ ಹಾಕುವ ಗುನ್ವರ್, ಆ ಬಂಡೆಯ ಮೇಲೆ ಮಾತ್ರ ಅವನ ಹೆಗಲಿಗೆ ತಲೆಯಾನಿಸಿ ಸುಮ್ಮನಿರುತ್ತಿದ್ದಳು. ದೋಣಿ ಹೋದರೆ ಅದೂ ಹೋದ ಹಾಗೇ.

ಸರಿ, ದಂಡಯಾತ್ರೆ ಶುರು! ಚಳಿಗಾಲವೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಮಲಗಿದ್ದ ದೋಣಿಯ ಮೋಟಾರು ಓಡುತ್ತದೋ ನೋಡಲು, ಅದನ್ನು ಅಂಗಳದ ನೀರಿನ ಪೀಪಾಯಿಗೆ ಇಳಿಸಿ ಹಗ್ಗ ಎಳೆದ. ಎಳೆದ, ಎಳೆದ, ಬೈದು ಎಳೆದ. ಕೊನೆಗದು ಭರ್ರೆಂದು ಎದ್ದಾಗ ಪೀಪಾಯಿಯ ಅರ್ಧ ನೀರು ಗುನ್ವರ್ ಒಣಹಾಕಿದ್ದ ಬೆಡ್‌ಶೀಟುಗಳ ಮೇಲಿತ್ತು.

"ಮೋಟಾರ್ ಓಡ್ತು ಕಣೇ!"

"ನೀನೂ ಓಡು!"

ಓಡಿದ, ದೋಣಿ ಸಂಘದ ಬಯಲಿಗೆ. ಅಲ್ಲಿ ಚಳಿಗಾಲಕ್ಕೆಂದು ದಡ ಹತ್ತಿಸಿದ ದೋಣಿಗಳು ಮರದ ದಿಮ್ಮಿಗಳ ಮೇಲೆ ಹಸಿರು ಟಾರ್ಪಾಲು ಹೊದ್ದು ಸಾಲಾಗಿ ನಿಂತಿದ್ದವು. ಎಲ್ಲರದೂ ಒಂದೇ ಅಂಗಡಿಯ ಟಾರ್ಪಾಲು. ಫೋಲ್ಕೆಯದು ಬರ್ಚ್ ಮರದ ಪಕ್ಕದ್ದು. ಹೊದಿಕೆ ತೆಗೆದರೆ ಒಳಗೆ ಮಳೆ ಬಿದ್ದೀತೆಂದು ತೆಗೆಯಲೇ ಇಲ್ಲ. ಕೆಳಗೆ ನುಸುಳಿ, ಅಂಗಾತ ಮಲಗಿ, ಹಳೇ ಬಣ್ಣ ಕೆರೆದ, ಉಜ್ಜಿದ, ಹೊಸದಾಗಿ ನೀಲಿ ಬಳಿದ. ದಿನಾ ಮನೆಗೆ ಬರುವಾಗ ಮೂಗು ನೀಲಿ, ಮೀಸೆ ನೀಲಿ.

"ಹೋದ ಸಲ ಬಂಡೆಗೆ ಗುದ್ದಿದ್ಯಲ್ಲ, ಆ ಗಾಯ ಮುಚ್ಚಿದ್ಯಾ?" ಎಂದಳು ಗುನ್ವರ್.

"ಗಾಯವಾ? ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ! ಹಾಗೆ ಉಜ್ಜಿದೀನಿ. ಕೈಗುಣ ಕಣೇ, ಕೈಗುಣ!"

ಕ್ರೇನಿನ ದಿನ ಬಂತು. ಊರಿಗೆ ಊರೇ ನೆರೆದಿತ್ತು. ಏಲಕ್ಕಿ ಬನ್ನು, ಕಾಫಿ ಫ್ಲಾಸ್ಕು, ಹೊಗೆಯಲ್ಲಿ ಬೇಯಿಸಿದ ಮೀನು ತುಂಬಿದ ಬುಟ್ಟಿ ಹಿಡಿದು ಬಂದ ಗುನ್ವರ್, ಥಳಥಳಿಸುವ ತಳ ನೋಡಿ ಕಣ್ಣರಳಿಸಿದಳು. "ಪರವಾಗಿಲ್ವೋ!" ಅವಳ ಬಾಯಿಂದ ಇಂಥ ಬಿರುದು ಸಿಕ್ಕಿದ್ದು ಇದೇ ಮೊದಲು. ಫೋಲ್ಕೆ ಎದೆಯುಬ್ಬಿಸಿ, ಮಂತ್ರಿಗಳು ಪರದೆ ಸರಿಸುವ ಗತ್ತಿನಲ್ಲಿ ಟಾರ್ಪಾಲು ಎಳೆದ.

ಗುನ್ವರ್ ಒಳಗೆ ಇಣುಕಿದಳು. ಇನ್ನೊಮ್ಮೆ ಇಣುಕಿದಳು.

"ನಾನು ಹೊಲಿದ ಹಳದಿ ದಿಂಬುಗಳೆಲ್ಲೋ?"

"ಅಲ್ಲೇ ಇರಬೇಕು..."

"ಅಯ್ಯೋ, ಇದು ಎಸ್ಕಿಲ್ ದೋಣಿ ಕಣೋ!"

ಎಸ್ಕಿಲ್ ಎಂದರೆ ಸಂಘದ ಸೋಮಾರಿಗಳ ಸಾರ್ವಭೌಮ. ಚಳಿಗಾಲದಲ್ಲಿ ಹಿಮ ತೆಗೆಯುವ ಗಾಡಿಗೆ ದಾರಿ ಮಾಡಲು ಸಂಘದವರು ಒಂದಷ್ಟು ದೋಣಿಗಳನ್ನು ಅದಲುಬದಲು ಮಾಡಿದ್ದರಂತೆ. ಫೋಲ್ಕೆ ನಂಬಿದ್ದು ಮರವನ್ನು! ಅವನ ದೋಣಿ ಪಕ್ಕದಲ್ಲೇ, ತಳಕ್ಕೆ ಪಾಚಿ ಮೆತ್ತಿಕೊಂಡು, ಗಾಯ ಸಮೇತ ಕೂತಿತ್ತು.

ಅಷ್ಟರಲ್ಲಿ ಎಸ್ಕಿಲ್, ಮುಚ್ಚಳವನ್ನೇ ತೆರೆಯದ ಕೆಂಪು ಬಣ್ಣದ ಡಬ್ಬಿ ಹಿಡಿದು ಆಕಳಿಸುತ್ತಾ ಬಂದ. ತನ್ನ ದೋಣಿ ನೋಡಿದವನೇ ಫೋಲ್ಕೆಯನ್ನು ತಬ್ಬಿಕೊಂಡ. "ನೀನು ಇಂಥ ದೇವರಂಥ ಮನುಷ್ಯ ಅಂತ ಗೊತ್ತೇ ಇರಲಿಲ್ಲ!"

ಫೋಲ್ಕೆ ದಿಮ್ಮಿಯ ಮೇಲೆ ಕುಸಿದ. "ಮಾರಿಬಿಡೋಣ ಗುನ್ವರ್. ಮಾತು ಅಂದ್ರೆ ಮಾತು. ನಡುಗಡ್ಡೆಗೆ ಇನ್ಯಾರಾದ್ರೂ ಕರ್ಕೊಂಡು ಹೋಗ್ತಾರೆ, ಬಿಡು."

ನೀಲಿ ಮೆತ್ತಿದ ಆ ಮುಖ ನೋಡಿ ಗುನ್ವರಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅದರ ಬೆನ್ನಿಗೇ ಅಳು. ತನ್ನನ್ನು ಬಂಡೆಯ ಮೇಲೆ ಕೂರಿಸಲು ತಾನೇ ಈ ಹುಚ್ಚಪ್ಪ ಇಷ್ಟೆಲ್ಲ ಒದ್ದಾಡಿದ್ದು! ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿದಳು.

"ಎಸ್ಕಿಲ್, ಆ ಡಬ್ಬಿ ಇಲ್ಲಿ ಕೊಡು. ಕ್ರೇನಿನವನಿಗೆ ನಮ್ಮದು ಕಟ್ಟಕಡೆಗೆ ಅಂತ ಹೇಳಿ ಬಾ. ಬಂದು ನೀನೂ ಕೆರಿ! ಏಳೋ ಫೋಲ್ಕೆ, ಬ್ರಷ್ ಹಿಡಿ!"

ಮೂವರೂ ಕೆರೆದದ್ದೇ ಕೆರೆದದ್ದು, ಗಾಯ ಮುಚ್ಚಿದ್ದೇ ಮುಚ್ಚಿದ್ದು, ಬಳಿದದ್ದೇ ಬಳಿದದ್ದು. ಎಸ್ಕಿಲ್ ಬೆವರಿದ್ದನ್ನು ನೋಡಲೆಂದೇ ಜನ ಸೇರಿದರು. ಸಂಜೆ ಕ್ರೇನಿನವನು ಹಾರ್ನ್ ಹೊಡೆಯುವ ಹೊತ್ತಿಗೆ ಗುನ್ವರ್, ಫೋಲ್ಕೆಯ ಡಬ್ಬಿಯಲ್ಲಿ ಉಳಿದಿದ್ದ ನೀಲಿ ಹಿಡಿದು ದೋಣಿಯ ಕೆಳಗೆ ನುಸುಳಿದಳು.

"ಏನ್ಮಾಡ್ತಿದ್ದೀಯೇ ಅಲ್ಲಿ?"

"ಸುಮ್ನಿರು!"

ದೋಣಿ ಮೇಲೆದ್ದಿತು. ಜನರೆಲ್ಲ ತಲೆಯೆತ್ತಿದರು. ಕೆಂಪು ತಳದ ಉದ್ದಕ್ಕೂ ಹಸಿಹಸಿ ನೀಲಿ ಅಕ್ಷರ: "ಫೋಲ್ಕೆ, ನಮ್ಮ ದೋಣಿ ಇದು!"

ಇಡೀ ಬಯಲು ಬಿದ್ದುಬಿದ್ದು ನಕ್ಕಿತು. ಫೋಲ್ಕೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

"ಬರೋ ವರ್ಷ ಇದನ್ನ ಓದಿ, ಆಮೇಲೆ ಬ್ರಷ್ ಹಿಡಿ," ಎಂದಳು ಗುನ್ವರ್.

ಟೋಪಿ ಮೆಲ್ಲಗೆ ಕೆಳಗಿಳಿಯಿತು. "ಬರೋ ವರ್ಷ... ಅಂದ್ಯಾ?"

"ಯಾಕೆ, ಬಣ್ಣ ಕಿವಿಯೊಳಗೂ ಹೋಗಿದ್ಯಾ? ನಡಿ, ದೋಣಿ ಹತ್ತು. ಬುಟ್ಟೀಲಿ ಮೀನು ಕಾಯ್ತಿದೆ!"