ಬಗ್ಗಿ ಬರುವ ಬಾಗಿಲು

ಚಿತ್ತಯ್ಯನ ಮನೆಯ ಬಾಗಿಲಿನ ಎತ್ತರ ಐದೇ ಅಡಿ. ಒಳಗೆ ಮನೆದೇವರಿದ್ದಾನೆ, ಬರುವವರು ತಲೆ ಬಗ್ಗಿಸಿಯೇ ಬರಲಿ ಎಂದು ಅವನ ಮುತ್ತಾತ ಹಾಗೆ ಕಟ್ಟಿಸಿದ್ದ. ನಲವತ್ತು ವರ್ಷಗಳಲ್ಲಿ ಆ ಬಾಗು ಚಿತ್ತಯ್ಯನ ಕುತ್ತಿಗೆಗೇ ಇಳಿದುಬಿಟ್ಟಿತ್ತು. ಚಿತ್ರದುರ್ಗದ ಬ್ಯಾಂಕಿನ ಎಂಟಡಿ ಗಾಜಿನ ಬಾಗಿಲನ್ನೂ ಅವನು ಬಗ್ಗಿಯೇ ದಾಟುತ್ತಿದ್ದ. ಅಲ್ಲಿನ ಕಾವಲುಗಾರ ಅದು ತನಗೆ ಮಾಡಿದ ನಮಸ್ಕಾರವೆಂದು ತಿಳಿದು ತಾನೂ ಕೈಮುಗಿಯುತ್ತಿದ್ದ.

ಹಾಗಾಗಿ ಹಿರೇಗುಂಟನೂರಿನ ಆ ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದಾಗಿ ಮೊಬೈಲಿನಲ್ಲಿ ಹಾಕುವಾಗ ಕಂಬಳಿ, ಬಿಸಿನೀರು, ಕುರಿಮರಿ ಎಲ್ಲವನ್ನೂ ಬರೆದ. ಬಾಗಿಲಿನ ವಿಷಯ ನೆನಪಿಗೇ ಬರಲಿಲ್ಲ. ದಿನವೂ ಬಗ್ಗುವವನಿಗೆ ತಾನು ಬಗ್ಗುತ್ತಿದ್ದೇನೆಂದು ತಿಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಅತಿಥಿ ಬಂದಳು. ತೇಜಸ್ವಿನಿ, ಮೈಸೂರಿನ ಕಾಲೇಜಿನಲ್ಲಿ ಭೂಗೋಳದ ಪಾಠ ಹೇಳುವವಳು. ಆರಡಿಗೆ ಒಂದೇ ಇಂಚು ಕಡಿಮೆ. ಕುರಿಮರಿಗಳ ಕಡೆಗೇ ನೋಡಿ ನಗುತ್ತ ಒಳಗೆ ನಡೆದಳು.

ಧಡ್!

ಹಣೆ ಬಾಗಿಲಿನ ಮೇಲಿನ ಪಟ್ಟಿಗೆ ಬಡಿಯಿತು. ಅಲ್ಲಿ ತೂಗುತ್ತಿದ್ದ ದೇವರ ಭಂಡಾರದ ಮಣ್ಣಿನ ಕುಡಿಕೆ ಬಿದ್ದು ಚೂರಾಯಿತು. ಅರಿಶಿನದ ಮೋಡದ ನಡುವೆ ಅವಳು ಹಣೆ ಹಿಡಿದು ಕುಸಿದು ಕೂತಳು. ಚಿತ್ತಯ್ಯನ ತಾಯಿ ಓಬಕ್ಕ ಚೆಲ್ಲಿದ ಭಂಡಾರವನ್ನೇ ಬಳಿದು ಅವಳ ಹಣೆಗೆ ಮೆತ್ತಿದಳು.

"ನೋಡ್ತಾ ನಿಂತಿಯಲ್ಲಲೇ! ಮನೆಗ್ ಬಂದೋರಿಗೆ ನೋವಾಗೈತೆ, ಕೈ ಮುಗ್ದು ತಪ್ಪಾತು ಅನ್ನು."

ಚಿತ್ತಯ್ಯ ಕೈ ಎತ್ತುವಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಕೈ ಅವನನ್ನು ಕರೆಯಿತು. ಪಕ್ಕದ ಮನೆಯ ನಾಗಭೂಷಣ. ಚಿತ್ರದುರ್ಗದ ಕೋರ್ಟಿನ ಮುಂದೆ ಇಪ್ಪತ್ತು ವರ್ಷದಿಂದ ಅರ್ಜಿ ಬರೆಯುವವನು. 'ಕಾನೂನು ಸಲಹೆ' ಎಂದು ಊರಿನ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ತನ್ನ ನಂಬರು ಬರೆಸಿದ್ದ.

"ತಪ್ಪಾತು ಅಂದ್ರೆ ಮುಗೀತು, ಒಪ್ಕಂಡಂಗೆ," ಎಂದು ಪಿಸುಗುಟ್ಟಿದ. "ಬಾಡಿಗೆ ಮನೆ. ಬಾಗ್ಲು ಗಿಡ್ಡ ಐತೆ ಅಂತ ಮೊದ್ಲೇ ಹೇಳ್ದೆ ಇದ್ದೋನು ನೀನು. ಆಯಮ್ಮ ಕೋರ್ಟಿಗೆ ಹೋದ್ರೆ ನಿನ್ ಕುರಿರೊಪ್ಪ ಖಾಲಿ."

"ಮತ್ತೇನ್ ಮಾಡ್ಲಣ್ಣ?"

"ಬಾಯಿ ಬಿಡಬ್ಯಾಡ. ಬಗ್ಗಬ್ಯಾಡ. ಬಗ್ಗಿದೋನು ಅರ್ಧ ಒಪ್ಕಂಡಂಗೆ. ಕುತ್ತಿಗೆ ನೆಟ್ಟಗಿಟ್ಕ."

ಚಿತ್ತಯ್ಯ ಕುತ್ತಿಗೆ ನೆಟ್ಟಗಿಟ್ಟ. ಮೊದಲ ತೊಂದರೆ ತಕ್ಷಣವೇ ಬಂತು: ಒಳಗೆ ಹೋಗಬೇಕೆಂದರೆ ಬಗ್ಗಬೇಕು. ಆದ್ದರಿಂದ ಅವನು ಹೊರಗೇ ಉಳಿದ. ಮಧ್ಯಾಹ್ನ ಓಬಕ್ಕ ಮುದ್ದೆಯ ತಟ್ಟೆಯನ್ನು ಹೊರಗೆ ಚಾಚಿ, "ನಿಂಗೇನಲೇ ಬಂದಿರದು, ಗೂಟ ನುಂಗಿದಂಗೆ ನಿಂತಿ?" ಎಂದಳು. ತಟ್ಟೆಯ ಕಡೆಗೂ ಬಗ್ಗಲಾರದೆ ಅವನ ಅರ್ಧ ಸಾರು ಅಂಗಿಯ ಪಾಲಾಯಿತು.

ತೇಜಸ್ವಿನಿ ಮಾತ್ರೆ ತರುತ್ತೇನೆಂದು ಬಸ್‌ಸ್ಟ್ಯಾಂಡಿಗೆ ಹೋಗಿ ಬಂದವಳು ಯಾರ ಮುಖವನ್ನೂ ನೋಡಲಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬಾಗಿಲನ್ನೇ ನೋಡಿದಳು. ಆಮೇಲೆ ಕುಡಿಕೆಯ ಚೂರುಗಳ ಫೋಟೋ ತೆಗೆದಳು.

"ಫೋಟ ತೆಗೀತಾ ಅವ್ಳಣ್ಣ," ಎಂದು ಚಿತ್ತಯ್ಯ ಗೋಡೆಯ ಬಳಿ ಗೋಳಾಡಿದ.

"ಸಾಕ್ಷಿ ಕಣಲೇ ಅದು! ತುಟಿ ಹೊಲ್ಕಂಡಿರು."

ಕಟ್ಟೆಯ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ನಡುವೆ ಕುರಿಗಳು ಮೆಲುಕು ಹಾಕುವ ಸದ್ದು. ಅವಳ ಹಣೆಯ ಉಬ್ಬು ಅವನಿಗೆ ಮತ್ತೆ ಮತ್ತೆ ಕಾಣುತ್ತಿತ್ತು. ನೋಯ್ತಾ ಐತಾ ತಾಯಿ, ಎಂದು ಕೇಳಿದರೂ ಸಾಕಿತ್ತು. ಆದರೆ ಅದೂ ಒಪ್ಪಿಕೊಂಡ ಹಾಗಾಗುತ್ತದೋ ಏನೋ. ಒಂದೆರಡು ಸಲ ಅವಳೂ ಬಾಯಿ ತೆರೆದು ಮುಚ್ಚಿದ್ದನ್ನು ಕಂಡ. ಎಂಥ ದೊಡ್ಡ ಕೇಸು ಯೋಚಿಸುತ್ತಿದ್ದಾಳೋ ಎಂದು ಇನ್ನಷ್ಟು ದೂರ ಸರಿದು ಕೂತ.

ಸಂಜೆ ಅವಳು ಚೀಲ ಹೆಗಲಿಗೇರಿಸಿದಳು. ಅಷ್ಟರಲ್ಲಿ ಫೋನು ಬಂತು. ಗಾಬರಿಯಲ್ಲಿ ಬೆರಳು ಎಲ್ಲೋ ತಗುಲಿ ದನಿ ಹೊರಗೇ ಕೇಳಿಸಿತು.

"ಮೇಡಂ, ಮಧ್ಯಾಹ್ನ ಫೋನ್ ಮಾಡಿದ್ರಲ್ಲ, ದೇವ್ರ ಕುಡಿಕೆ ಒಡೆದ ವಿಷ್ಯ. ಆಗ್ಲೇ ಹೇಳಿದ್ನಲ್ಲ, ಆ ಮನೆಯೋರು ಕೇಸ್ ಹಾಕ್ಬೋದು. ತಪ್ಪಾಯ್ತು ಅನ್ಬ್ಯಾಡ್ರಿ. ಬಗ್ಗಬ್ಯಾಡ್ರಿ."

ಪ್ರತಿ ಮಾತೂ ಒಮ್ಮೆ ಫೋನಿನಿಂದ, ಒಮ್ಮೆ ಗೋಡೆಯ ಆಚೆಯಿಂದ ಬರುತ್ತಿತ್ತು. ಯಾರ ಮನೆಯ ಕುಡಿಕೆಯೆಂದು ನಾಗಭೂಷಣ ಕೇಳಿರಲೇ ಇಲ್ಲ. ಅವನ ಸಲಹೆಗೆ ಅದರ ಅಗತ್ಯವೂ ಇರಲಿಲ್ಲ.

ಇಬ್ಬರೂ ಗೋಡೆಯನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ತೇಜಸ್ವಿನಿ ಫೋನು ಕಟ್ ಮಾಡಿದಳು.

"ನಿಮ್ಮ ದೇವರ ಕುಡಿಕೆ ಒಡೆದುಬಿಟ್ಟೆ. ಅಂಥದ್ದೇ ಎಲ್ಲಾದ್ರೂ ಸಿಗುತ್ತಾ ಅಂತ ಫೋಟೋ ಕಳಿಸಿ ವಿಚಾರಿಸ್ತಿದ್ದೆ. ಬೆಳಿಗ್ಗೆಯಿಂದ ಹೇಳೋಕೆ ಆಗ್ಲಿಲ್ಲ. ತಪ್ಪಾಯ್ತು."

"ಅಯ್ಯೋ ತಾಯಿ! ಅದು ಹೋದ ತಿಂಗ್ಳು ಸಂತೇಲಿ ತಂದಿದ್ದು. ತಪ್ಪಾಗಿರದು ನಂದು. ಬಾಗ್ಲು ಗಿಡ್ಡ ಅಂತ ಹೇಳ್ಬೇಕಿತ್ತು."

"ಇಬ್ರಿಗೂ ಬುದ್ಧಿ ಬರಾಕೆ ಹೊತ್ತು ಮುಣುಗ್ಬೇಕಾತು," ಎಂದಳು ಓಬಕ್ಕ ಒಳಗಿನಿಂದ. "ಬರ್ರಿ, ಕುಂತ್ಕಳ್ರಿ, ಉಣ್ರಿ."

ತೇಜಸ್ವಿನಿ ಸೊಂಟದವರೆಗೆ ಬಗ್ಗಿ, ಸಲೀಸಾಗಿ ಒಳಗೆ ಹೋದಳು. ಚಿತ್ತಯ್ಯ ನಗುತ್ತ ಅವಳ ಹಿಂದೆ ಹೆಜ್ಜೆ ಹಾಕಿದ. ನಲವತ್ತು ವರ್ಷದಲ್ಲಿ ಕಲಿತದ್ದನ್ನು ಕುತ್ತಿಗೆ ಒಂದೇ ಹಗಲಿನಲ್ಲಿ ಮರೆತಿತ್ತು.

ಧಡ್!

ಹೊಸ್ತಿಲ ಮೇಲೆ ಕುಸಿದ ಮಗನ ಹಣೆಗೆ ಓಬಕ್ಕ ಉಳಿದ ಭಂಡಾರ ಮೆತ್ತುತ್ತ, "ಈಗ ಯಾರ್ ತಪ್ಪಲೇ ಇದು?" ಎಂದು ಕೇಳಿದಳು.

ಚಿತ್ತಯ್ಯ ಬಾಯಿ ತೆರೆದ.

"ಚಿತ್ತಯ್ಯಾ," ಎಂದು ಗೋಡೆಯಾಚೆಯಿಂದ ಕೂಗು ಬಂತು, "ಒಪ್ಕಬ್ಯಾಡ!"