ನೆಲದ ಮೇಲಿನ ಪಾತ್ರೆಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಿದ್ದ ಕೊಳಗ ಹಿತ್ತಾಳೆಯದೋ ತಾಮ್ರದ್ದೋ ಎಂಬುದು ನಾನು ಹೇಳಿದ ಹಾಗೆಲ್ಲ ಬದಲಾಗುತ್ತದೆ. ಬೆನ್ನುನೋವು ಮಾತ್ರ ನಿಜ.

ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲಿ ಮೇಲಿನ ಕಪಾಟುಗಳು ಖಾಲಿ, ಪಾತ್ರೆಗಳೆಲ್ಲ ನೆಲದ ಮೇಲೆ. ನಾನು ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವಳು. ಭೂಮಿಯೊಳಗೆ ಬಂಡೆ ಸಿಡಿದರೆ ಮೇಲೆ ಮನೆ ನಡುಗುತ್ತಿತ್ತು. ಅಪ್ಪ ಕೆಳಗೆ ಪಾಳಿಯಲ್ಲಿದ್ದ ಒಂದು ದಿನ ಹಾಗೆ ನಡುಗಿ, ಅಟ್ಟದ ಕೊಳಗ ನನ್ನ ಪಕ್ಕಕ್ಕೇ ಬಿತ್ತು. ಸಂಜೆ ಅಪ್ಪ ನೆಟ್ಟಗೆ ಬಂದು ಕಾಫಿ ಕೇಳಿದರು. ಭಯ ಮಾತ್ರ ಹೋಗಲಿಲ್ಲ. ಈಗಲೂ ಗೂಡ್ಸ್ ರೈಲಿಗೆ ತಟ್ಟೆಗಳು ಅದುರಿದರೆ ನಾನು ಸೌಟು ಹಿಡಿದು ಬೀದಿಯಲ್ಲಿರುತ್ತೇನೆ. ಎದುರುಮನೆಯವರು ನನ್ನನ್ನು ನೋಡಿಯೇ ರೈಲು ಬಂತೆಂದು ತಿಳಿಯುತ್ತಾರೆ.

ಬಗ್ಗಬಾರದೆಂದು ಡಾಕ್ಟರು ಹೇಳಿದ ಮೇಲೆ, ನರವಿಜ್ಞಾನ ಓದುತ್ತಿರುವ ಮಗಳು ಪಾಠ ಶುರುಮಾಡಿದಳು. "ಅಮ್ಮಾ, ಮಿದುಳಿನ ಕೋಶಗಳ ಮೇಲೆ ಸಂಕೇತ ಹಿಡಿಯೋ ರಿಸೆಪ್ಟರ್ ಇರ್ತವೆ. ಅದರಲ್ಲಿ ಒಂದು ಜಾತಿ, ಎರಡು ಕಡೆಯಿಂದ ಒಟ್ಟಿಗೆ ತಟ್ಟಿದ್ರೆ ಮಾತ್ರ ತೆರೆಯೋ ಬಾಗಿಲಿನ ಥರ. ಸದ್ದು, ಭಯ ಎರಡೂ ಒಟ್ಟಿಗೆ ಬಂದ್ರೆ ಗಂಟು ಬೀಳುತ್ತೆ. ಆಮೇಲೆ ಸದ್ದೊಂದೇ ಸಾಕು."

ನಮ್ಮ ಮನೆಯಲ್ಲಿ ನಾನು ಕೈಕಾಲು ಸೇರಿಸಿ ತಟ್ಟಿದರೂ ಯಾರೂ ಬಾಗಿಲು ತೆರೆಯುವುದಿಲ್ಲ ಎಂದೆ. ಅವಳು ನಗಲಿಲ್ಲ. "ನೆನೆದಾಗೆಲ್ಲ ನೆನಪು ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತಮ್ಮ. ಆ ಹೊತ್ತಲ್ಲಿ ಇಲ್ಲದ್ದೂ ಸೇರ್ಕೊಬಹುದು."

ಇಲ್ಲದ್ದಕ್ಕೆ ಬೆನ್ನು ಸವೆಸುತ್ತಿದ್ದೇನೆಯೇ? ಕೊಳಗ ಬಿದ್ದದ್ದು ಸುಳ್ಳಾದರೆ ಪಾತ್ರೆ ಮೇಲಿಡುವುದೆಂದು ನಿಶ್ಚಯಿಸಿ, ಆಗ ನಮ್ಮ ಜೊತೆಗೇ ಇದ್ದ, ಈಗಲೂ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲೇ ಉಳಿದಿರುವ ಚಿಕ್ಕಮ್ಮನನ್ನು ಕೇಳಲು ಹೋದೆ.

"ಏ ಓಗೇ! ಕೊಳಗ ಬಿದ್ದಿದ್ದು ನನ್ ಪಕ್ಕ ಕಣೇ. ನೀನು ಆವತ್ತು ಅಜ್ಜಿ ಊರಾಗೆ ಮಾವಿನಣ್ಣು ತಿಂತಿದ್ದೆ. ನಾನೇಳಿದ್ ಕೇಳಿ ನಿಂದು ಅಂದ್ಕಂಡಿದೀಯ" ಎಂದು ಚಿಕ್ಕಮ್ಮ ನಕ್ಕಳು. "ಗಣಿ ಮುಚ್ಚೋಗಿ ಎಷ್ಟ್ ಕಾಲ ಆಯ್ತು, ಈಗ್ಯಾವ್ ಬಂಡೆ ಸಿಡೀತೈತೆ? ನಂಗೇ ಬಯ ಇಲ್ಲ, ನಿಂಗ್ಯಾಕೆ? ಓಗಿ ಎಲ್ಲಾ ಮ್ಯಾಲಿಟ್ಕೋ."

ಹಗುರಾಯಿತು. ಇಷ್ಟು ವರ್ಷ ಮಾವಿನಹಣ್ಣಿನ ನೆನಪಾದರೂ ಇರಬಾರದಿತ್ತೇ ಎಂದು ಬೇಜಾರೂ ಆಯಿತು. ಅಷ್ಟರಲ್ಲಿ ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು "ಅಯ್ಯಮ್ಮಾ" ಎನ್ನುತ್ತಾ ಬಗ್ಗಿ ನೆಲದಿಂದ ಲೋಟ ಎತ್ತಿಕೊಂಡಳು. ಗೋಡೆಯ ಹಲಗೆಯ ಮೇಲೆ ಒಂದು ಚಮಚವೂ ಇರಲಿಲ್ಲ.

"ಮತ್ತೆ ನಿನ್ನ ಪಾತ್ರೆಗಳು ಯಾಕೆ ಚಿಕ್ಕಮ್ಮ, ಇನ್ನೂ ನೆಲದ ಮೇಲೇ ಇವೆ?" ಎಂದು ಕೇಳಿದೆ.

"ಕಾಪಿಗೆ ಸಕ್ರೆ ಸಾಕಾ ನೋಡು" ಎಂದಳು.

ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಪಾತ್ರೆಗಳು ನೆಲದ ಮೇಲೇ ಇರಲಿ ಎಂದು ನಾನೂ ಬಗ್ಗುತ್ತಲೇ ಇದ್ದೇನೆ.